ಮಗುವಿನ ಖರ್ಚು ಮತ್ತು ಭೇಟಿ: ರಾಜಿ ಪತ್ರದಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ?

ಕರಡುಪ್ರತಿ

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹೊರಟವರು ಕೋರ್ಟಿಗೆ ಹೋಗುವ ಮೊದಲೇ ತಮ್ಮತಮ್ಮಲ್ಲಿ ಕರಾರು ಬರೆದುಕೊಳ್ಳುತ್ತಾರೆ. ಅದರಲ್ಲಿ ಮಗುವಿನ ಭಾಗ ಹೆಚ್ಚುಕಡಿಮೆ ಹೀಗಿರುತ್ತದೆ. ಚರ್ಚೆಗೆಂದು ಹೆಣೆದ ಮಾದರಿ ಇದು, ಯಾರ ಪ್ರಕರಣವೂ ಅಲ್ಲ. ಮಗುವಿಗೆ 6 ವರ್ಷ ಎಂದಿಟ್ಟುಕೊಳ್ಳಿ.

> 1. ಮಗು ತಾಯಿಯ ಬಳಿ ಇರತಕ್ಕದ್ದು.
> 2. ತಂದೆಯು ಮಗುವಿನ ಬಾಬ್ತು ತಿಂಗಳಿಗೆ 15,000 ರೂ. ಕೊಡತಕ್ಕದ್ದು, ಪ್ರತಿವರ್ಷ ಶೇ 7 ಹೆಚ್ಚಳ.
> 3. ಶಾಲೆಯ ಖರ್ಚನ್ನು ಉಭಯತ್ರರೂ ಸಮವಾಗಿ ಭರಿಸತಕ್ಕದ್ದು.
> 4. ತಂದೆಯು ಪರಸ್ಪರ ಅನುಕೂಲ ನೋಡಿಕೊಂಡು ಮಗುವನ್ನು ಭೇಟಿ ಮಾಡಬಹುದು.
> 5. ಇದರ ಹೊರತು ಮಗುವಿನ ಪರವಾಗಿ ಮುಂದೆ ಯಾವ ಹಕ್ಕನ್ನೂ ಕೇಳತಕ್ಕದ್ದಲ್ಲ.

ಛಾಪಾ ಕಾಗದ, ಇಬ್ಬರು ಸಾಕ್ಷಿ, ನೋಟರಿ ಮುದ್ರೆ. ಎಲ್ಲಿ ಮುರಿಯುತ್ತದೆ, ಹೇಗೆ ತಿದ್ದಬೇಕು, ಬಲ್ಲವರು ಹೇಳಿ.

---

ಕೋರ್ಟುಕಟ್ಟೆ

ಐದನೇ ಸಾಲಿನಿಂದ ಶುರು ಮಾಡುತ್ತೇನೆ, ಏಕೆಂದರೆ ಕೊಡುವವರು ಆ ಸಾಲನ್ನು ನಂಬಿಯೇ ಸಹಿ ಹಾಕುವುದು. ಅದು ನಿಲ್ಲುವುದಿಲ್ಲ. ಜೀವನಾಂಶ ಮಗುವಿನ ಹಕ್ಕು, ಅದನ್ನು ಬಿಟ್ಟುಕೊಡುವ ಅಧಿಕಾರ ತಾಯಿಗೂ ಇಲ್ಲ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ 1956ರ 20ನೇ ಕಲಂ ಅಪ್ರಾಪ್ತ ಮಕ್ಕಳನ್ನು ಸಾಕುವ ಹೊಣೆಯನ್ನು ತಂದೆ ತಾಯಿ ಇಬ್ಬರ ಮೇಲೂ ಹಾಕುತ್ತದೆ. ಅದೇ ಕಾಯ್ದೆಯ 25ನೇ ಕಲಂ ಇನ್ನೂ ನೇರ: ಮೊತ್ತ ಡಿಕ್ರಿಯಿಂದ (ಅಂದರೆ ನ್ಯಾಯಾಲಯದ ತೀರ್ಮಾನದ ಆದೇಶದಿಂದ) ನಿಗದಿಯಾಗಿರಲಿ, ಕರಾರಿನಿಂದ ನಿಗದಿಯಾಗಿರಲಿ, ಪರಿಸ್ಥಿತಿ ಗಣನೀಯವಾಗಿ ಬದಲಾದರೆ ಮೊತ್ತವನ್ನೂ ಬದಲಿಸಬಹುದು. ಹಿಂದೂಗಳಲ್ಲದವರಿಗೂ ದಾರಿ ಮುಚ್ಚಿಲ್ಲ. ಹೆಂಡತಿ, ಮಕ್ಕಳ ಜೀವನಾಂಶದ ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125 ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ, ಅದು ಎಲ್ಲ ಧರ್ಮದವರಿಗೂ ಒಂದೇ.

ಇನ್ನು ನೋಟರಿ. ಇಬ್ಬರೂ ಸಹಿ ಹಾಕಿದ್ದಾರೆ ಎಂಬುದಕ್ಕೆ ಅದು ಸಾಕ್ಷಿ, ಅಷ್ಟೇ. ಕಂತು ತಪ್ಪಿದ ದಿನ ಆ ಕಾಗದ ಹಿಡಿದು ನೇರವಾಗಿ ಜಪ್ತಿಗೆ ಹೋಗಲಾಗದು, ಮೊದಲು ದಾವೆ ಹೂಡಬೇಕು. ಹಾಗಾಗಿ ಕರಾರನ್ನು ಆದೇಶವಾಗಿಸಿಕೊಳ್ಳಿ. ಹಿಂದೂ ವಿವಾಹ ಕಾಯ್ದೆಯ 13ಬಿ ಅಡಿ ಜಂಟಿ ಅರ್ಜಿ ಹಾಕುವಾಗ ಈ ಷರತ್ತುಗಳನ್ನು ಅರ್ಜಿಯೊಳಗೇ ಬರೆಯಬಹುದು. ಇಲ್ಲವೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 23, ನಿಯಮ 3ರಡಿ ಇಬ್ಬರೂ ಸಹಿ ಮಾಡಿದ ರಾಜಿ ಅರ್ಜಿ ಕೊಡಬಹುದು. ಮಧ್ಯಸ್ಥಿಕೆ ಕೇಂದ್ರದಲ್ಲಿ ಇತ್ಯರ್ಥವಾದರೆ ಅಲ್ಲಿನ ಒಪ್ಪಂದವೇ ನ್ಯಾಯಾಧೀಶರ ಮುಂದೆ ಬರುತ್ತದೆ.

ಹೆಚ್ಚು ಜನ ಎಡವುವುದು ಕೊನೆಯ ಹಂತದಲ್ಲಿ. ಡಿಕ್ರಿಯ ದೃಢೀಕೃತ ಪ್ರತಿ ಕೈಗೆ ಬಂದಾಗ ಅದರಲ್ಲಿ «ವಿವಾಹ ವಿಸರ್ಜಿಸಲಾಗಿದೆ» ಎಂಬ ಒಂದು ಸಾಲು ಮಾತ್ರ ಇದ್ದು, ಷರತ್ತುಗಳು ಕಡತದಲ್ಲೇ ಉಳಿದುಬಿಟ್ಟಿರುತ್ತವೆ. ರಾಜಿ ಷರತ್ತುಗಳು ಡಿಕ್ರಿಯ ಭಾಗ ಎಂಬ ವಾಕ್ಯ ಇದೆಯೇ, ಷರತ್ತುಗಳ ಪಟ್ಟಿ ಲಗತ್ತಾಗಿದೆಯೇ ಎಂದು ಪ್ರತಿ ಪಡೆದ ವಾರದಲ್ಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಆಗಲೇ ತಿದ್ದುಪಡಿಗೆ ಅರ್ಜಿ ಹಾಕಿ. ಎರಡು ವರ್ಷ ಬಿಟ್ಟು ಜಾರಿ ಅರ್ಜಿ ಹಾಕುವಾಗ ಇದು ಗೊತ್ತಾದರೆ ತಲೆನೋವು.

---

ಪ್ರಶ್ನೆಚಿಹ್ನೆ

ಜಂಟಿ ಅರ್ಜಿ ಹಾಕಿದ ಮೇಲೆ ಕೋರ್ಟಿನ ಮೊದಲ ಹಾಜರಿಗೂ ಎರಡನೆಯದಕ್ಕೂ ಮಧ್ಯೆ ಆರು ತಿಂಗಳು ಇರುತ್ತದಲ್ಲ? ಆ ಅವಧಿಗೆ ಏನು ವ್ಯವಸ್ಥೆ?

---

ಕೋರ್ಟುಕಟ್ಟೆ

ಒಳ್ಳೆಯ ಪ್ರಶ್ನೆ. ಆ ಆರು ತಿಂಗಳನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ, ಆದರೆ ಕೇಳಿದವರಿಗೆಲ್ಲ ಸಿಗುವುದಿಲ್ಲ. ಎರಡನೇ ಹಾಜರಿಗೆ ಮೊದಲು ಯಾರಾದರೂ ಒಬ್ಬರು ಒಪ್ಪಿಗೆ ಹಿಂಪಡೆದರೆ ವಿಚ್ಛೇದನವೂ ಇಲ್ಲ, ಅದಕ್ಕೆ ಕಟ್ಟಿದ ಷರತ್ತುಗಳೂ ಅತಂತ್ರ. ಆದ್ದರಿಂದ ಮಗುವಿನ ಖರ್ಚು ಮತ್ತು ಭೇಟಿಯ ಭಾಗ «ಜಂಟಿ ಅರ್ಜಿ ಸಲ್ಲಿಸಿದ ದಿನದಿಂದಲೇ ಜಾರಿ» ಎಂದು ಬರೆದು, ಹಿಂದೂ ವಿವಾಹ ಕಾಯ್ದೆಯ ಕಲಂ 26ರಡಿ ಮಧ್ಯಂತರ ಆದೇಶವಾಗಿ ದಾಖಲಿಸಲು ಕೇಳಿ. ಮಗುವಿನ ಅಭಿರಕ್ಷೆ, ಜೀವನಾಂಶ, ಶಿಕ್ಷಣದ ಬಗ್ಗೆ ನ್ಯಾಯಾಲಯ ಮಧ್ಯಂತರದಲ್ಲೂ ಡಿಕ್ರಿಯ ನಂತರವೂ ಆದೇಶ ಮಾಡಲು, ಬದಲಿಸಲು ಆ ಕಲಂ ಅಧಿಕಾರ ಕೊಡುತ್ತದೆ.

---

ಮಧ್ಯಸ್ಥಿಕೆಮೇಜು

ನಾಲ್ಕನೇ ಷರತ್ತು ನೋಡಲು ತೀರಾ ಸಾಧು. ಜಗಳವೆಲ್ಲ ಹುಟ್ಟುವುದು ಅದರಿಂದಲೇ. «ಪರಸ್ಪರ ಅನುಕೂಲ ನೋಡಿಕೊಂಡು» ಎಂಬುದನ್ನು ಯಾವ ನ್ಯಾಯಾಲಯವೂ ಜಾರಿ ಮಾಡಲಾರದು, ಉಲ್ಲಂಘನೆ ಆಯಿತು ಎಂದು ತೋರಿಸಲು ದಿನವೂ ಇಲ್ಲ, ಗಂಟೆಯೂ ಇಲ್ಲ. ಮಾತುಕತೆ ಪೂರ್ತಿ ನಿಂತಾಗಲೂ ಓದಿದವರಿಗೆ ಒಂದೇ ಅರ್ಥ ಬರುವಂತೆ ಬರೆಯಬೇಕು. ಇಬ್ಬರೂ ಒಪ್ಪಿದಾಗ ಸಡಿಲಿಸಿಕೊಳ್ಳಲು ಯಾರೂ ಅಡ್ಡಿ ಬರುವುದಿಲ್ಲ.

ವಾರಾಂತ್ಯ: «ತಿಂಗಳಿಗೆ ಎರಡು ವಾರಾಂತ್ಯ» ಎಂದರೆ ಯಾವ ಎರಡು? «ಮೊದಲ ಮತ್ತು ಮೂರನೇ ಶನಿವಾರ, ಭಾನುವಾರ» ಎಂದರೂ ಸಾಲದು. 1ನೇ ತಾರೀಕು ಭಾನುವಾರ ಬಂದ ತಿಂಗಳಲ್ಲಿ ಮೊದಲ ಭಾನುವಾರ 1ರಂದು, ಮೊದಲ ಶನಿವಾರ 7ರಂದು. ಆ ತಿಂಗಳು ಇಬ್ಬರೂ ತಮ್ಮದೇ ಸರಿ ಎನ್ನುತ್ತಾರೆ, ಇಬ್ಬರದ್ದೂ ಸರಿಯೇ! ಹೀಗೆ ಬರೆಯಿರಿ: «ಪ್ರತಿ ತಿಂಗಳ 1ನೇ ಮತ್ತು 3ನೇ ಶನಿವಾರ ಶಾಲೆ ಬಿಟ್ಟ ಸಮಯದಿಂದ, ಶಾಲೆ ಇಲ್ಲದಿದ್ದರೆ ಬೆಳಿಗ್ಗೆ 10ರಿಂದ, ಅದರ ಮರುದಿನ ಭಾನುವಾರ ಸಂಜೆ 6ರವರೆಗೆ». ಐದನೇ ಶನಿವಾರ ಯಾರದು ಎಂಬುದೂ ಒಂದು ಸಾಲು ಬೇಡುತ್ತದೆ.

ರಜೆ: ದಸರಾ ಮತ್ತು ಬೇಸಿಗೆ ರಜೆಯನ್ನು «ಶಾಲೆ ಪ್ರಕಟಿಸಿದ ವೇಳಾಪಟ್ಟಿಯಂತೆ» ಅರ್ಧರ್ಧ ಮಾಡಿ. ರಾಜ್ಯ ಪಠ್ಯಕ್ರಮಕ್ಕೂ ಸಿಬಿಎಸ್‌ಇಗೂ ರಜೆ ಬೇರೆ ಬೇರೆ, ಆದ್ದರಿಂದ ತಾರೀಕು ಬರೆದರೆ ಶಾಲೆ ಬದಲಾದ ವರ್ಷ ಕೆಡುತ್ತದೆ. ಸಮ ಸಂಖ್ಯೆಯ ವರ್ಷ ಮೊದಲರ್ಧ ತಂದೆಗೆ, ಬೆಸ ವರ್ಷ ತಾಯಿಗೆ. ಇದು ಕ್ಯಾಲೆಂಡರ್ ವರ್ಷ, ಶೈಕ್ಷಣಿಕ ವರ್ಷ ಅಲ್ಲ ಎಂದೂ ಸೇರಿಸಿ. ಒಟ್ಟು ದಿನ ಬೆಸವಾದರೆ ಉಳಿದ ಒಂದು ದಿನ ಯಾರಿಗೆ? ರಜೆಯಲ್ಲಿ ವಾರಾಂತ್ಯದ ಭೇಟಿ ನಿಲ್ಲುತ್ತದೆಯೇ, ನಡೆಯುತ್ತದೆಯೇ? ಎರಡಕ್ಕೂ ಉತ್ತರ ಕಾಗದದಲ್ಲಿರಬೇಕು.

ಹಬ್ಬ: ಎಲ್ಲವನ್ನೂ ಪಟ್ಟಿ ಮಾಡಲು ಹೋಗಬೇಡಿ. ಎರಡು ಮನೆಗೂ ಮುಖ್ಯವಾದ ಮೂರೋ ನಾಲ್ಕೋ ಸಾಕು. ದೀಪಾವಳಿ ಎಂದರೆ ನರಕ ಚತುರ್ದಶಿಯಿಂದ ಬಲಿಪಾಡ್ಯಮಿವರೆಗೆ ಎಂದು ಬಿಡಿಸಿ ಬರೆಯಿರಿ. ಕೊನೆಗೆ ಆದ್ಯತೆಯ ಸಾಲು: «ಹಬ್ಬದ ಸರದಿ ರಜೆಯ ಸರದಿಗಿಂತ ಮೇಲು, ರಜೆಯ ಸರದಿ ವಾರಾಂತ್ಯಕ್ಕಿಂತ ಮೇಲು». ಇದೊಂದು ವಾಕ್ಯ ಇಲ್ಲದ ಒಪ್ಪಂದ ಮೊದಲ ಅಕ್ಟೋಬರಿನಲ್ಲೇ ತಗಾದೆಗೆ ಬೀಳುತ್ತದೆ.

ಹಸ್ತಾಂತರ: ಜಾಗ, ಕರೆತರುವವರು, ಒಪ್ಪಿಸುವವರು. ಮನೆ ಬಾಗಿಲಲ್ಲಿ ಮಾತು ಬೆಳೆಯುವ ಹಾಗಿದ್ದರೆ ಶಾಲೆಯ ಗೇಟೇ ಒಳ್ಳೆಯದು, ಒಬ್ಬರು ಬೆಳಿಗ್ಗೆ ಬಿಡುತ್ತಾರೆ, ಇನ್ನೊಬ್ಬರು ಮಧ್ಯಾಹ್ನ ಕರೆದೊಯ್ಯುತ್ತಾರೆ, ಮುಖಾಮುಖಿಯೇ ಇಲ್ಲ. ಅಜ್ಜ ಅಜ್ಜಿ ಬರಬಹುದೇ? ಬರಬಹುದಾದರೆ ಹೆಸರು ಬರೆಯಿರಿ, ಶಾಲೆಗೂ ಆ ಹೆಸರು ಕೊಟ್ಟಿರಿ. ತಡವಾದರೆ 30 ನಿಮಿಷ ಕಾಯುವುದು, ಆಮೇಲೆ ಆ ದಿನದ ಭೇಟಿ ಹೋಯಿತು ಎನ್ನುವುದು ರೂಢಿ. ಆದರೆ ಮಗುವಿನ ಕಾಯಿಲೆಯಿಂದ ತಪ್ಪಿದ ಭೇಟಿ ಹೋಗಬಾರದು: «14 ದಿನದೊಳಗೆ ಅಷ್ಟೇ ಗಂಟೆಗಳ ಬದಲಿ ಭೇಟಿ, ತಾರೀಕು ತಂದೆ ಸೂಚಿಸತಕ್ಕದ್ದು».

ಫೋನ್: ಭೇಟಿಯಷ್ಟೇ ಸಂಪರ್ಕವೂ ಮಗುವಿನ ಹಕ್ಕು ಎಂದು ಸುಪ್ರೀಂ ಕೋರ್ಟ್ 2020ರ ಒಂದು ತೀರ್ಪಿನಲ್ಲಿ ಹೇಳಿ, ದಿನಕ್ಕೆ 5–10 ನಿಮಿಷ ಮಾತನಾಡಲು ಬಿಡಬೇಕು ಎಂದಿದೆ. ಕರೆ ಯಾರು ಮಾಡಬೇಕು, ಯಾವ ನಂಬರಿಗೆ, ಎಷ್ಟು ಹೊತ್ತಿಗೆ ಎಂದು ಬರೆಯಿರಿ. ರೆಕಾರ್ಡ್ ಮಾಡಬಾರದು, ಪಕ್ಕದಲ್ಲಿ ಕೂತು ಹೇಳಿಕೊಡಬಾರದು ಎಂಬುದನ್ನೂ ಬರೆಯಬೇಕಾಗಿ ಬಂದಿರುವುದು ವಿಷಾದ, ಆದರೂ ಬರೆಯಿರಿ.

---

ಹಳೇಫೈಲು

ಮೇಲಿನದಕ್ಕೆ ಒಂದು ಸೇರ್ಪಡೆ. ಈ ವೇಳಾಪಟ್ಟಿ 6 ವರ್ಷದ ಮಗುವಿಗೆ ಹೊಂದುತ್ತದೆ. ಎರಡು ವರ್ಷದ ಕೂಸಿಗೆ ಹದಿನೈದು ದಿನಕ್ಕೊಮ್ಮೆ ಎರಡು ದಿನ ಎಂದರೆ ಅದು ತಂದೆಯ ಮುಖವನ್ನೇ ಮರೆತಿರುತ್ತದೆ. ಕೂಸುಗಳಿಗೆ ವಾರಕ್ಕೆ ಎರಡು ಮೂರು ಸಲ, ಒಂದೆರಡು ಗಂಟೆ, ಪರಿಚಿತ ಜಾಗದಲ್ಲಿ. ರಾತ್ರಿ ತಂಗುವುದನ್ನು ಹಂತಹಂತವಾಗಿ ತನ್ನಿ: ಮೊದಲ ಮೂರು ತಿಂಗಳು ಹಗಲು ಮಾತ್ರ, ಆಮೇಲೆ ತಿಂಗಳಿಗೆ ಒಂದು ರಾತ್ರಿ, ಹೀಗೆ. ಮುಂದಿನ ಹಂತಕ್ಕೆ ಹೋಗಲು ಮತ್ತೆ ಯಾರ ಒಪ್ಪಿಗೆಯೂ ಬೇಡ, ತಾರೀಕು ಬಂದಾಗ ತಾನಾಗಿಯೇ ಜಾರಿ ಎಂದಿರಲಿ. «ಮಗು ಹೊಂದಿಕೊಂಡ ಮೇಲೆ» ಎಂದು ಬರೆದರೆ ಮಗು ಹೊಂದಿಕೊಂಡಿತೋ ಇಲ್ಲವೋ ಎಂಬುದೇ ಮುಂದಿನ ಐದು ವರ್ಷದ ವಿವಾದ.

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ 1956ರ 6ನೇ ಕಲಂ ಹೇಳುತ್ತದೆ. ಐದು ತುಂಬಿದ ಮರುದಿನ ಮಗು ತಂದೆಯ ಪಾಲು ಎಂದು ಅದಕ್ಕೆ ಅರ್ಥವಿಲ್ಲ, ಹಾಗೆಂದುಕೊಂಡವರು ಬಹಳ. 13ನೇ ಕಲಮಿನ ಪ್ರಕಾರ ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮೇಲು. ಸ್ವಲ್ಪ ದೊಡ್ಡ ಮಗುವಾದರೆ ನ್ಯಾಯಾಧೀಶರು ಕೊಠಡಿಗೆ ಕರೆದು ಮಾತನಾಡಿಸುತ್ತಾರೆ. ಅದರ ಇಷ್ಟ ಕೇಳಲು ಇಂತಿಷ್ಟೇ ವಯಸ್ಸು ಎಂದು ಕಾನೂನಿನಲ್ಲಿ ಇಲ್ಲ.

---

ಜಮಾಖರ್ಚು

ಎರಡು ಮತ್ತು ಮೂರನೇ ಷರತ್ತು ನನಗಿರಲಿ.

«ಪ್ರತಿವರ್ಷ ಶೇ 7 ಹೆಚ್ಚಳ». ಯಾವುದರ ಮೇಲೆ? ಮೂಲ 15,000ದ ಮೇಲೆ ಎಂದರೆ ವರ್ಷಕ್ಕೆ 1,050 ಸೇರುತ್ತದೆ, ಹನ್ನೆರಡನೇ ವರ್ಷ 26,550. ಹಿಂದಿನ ವರ್ಷದ ಮೊತ್ತದ ಮೇಲೆ ಎಂದರೆ ಹನ್ನೆರಡನೇ ವರ್ಷ ಸುಮಾರು 31,570. ಆ ವರ್ಷ ತಿಂಗಳಿಗೆ ಐದು ಸಾವಿರದ ವ್ಯತ್ಯಾಸ, ಎಲ್ಲ «ಮೇಲೆ» ಎಂಬ ಪದ ಬಿಟ್ಟಿದ್ದಕ್ಕೆ. «ಪ್ರತಿ ಏಪ್ರಿಲ್ 1ರಂದು, ಹಿಂದಿನ ತಿಂಗಳು ಸಲ್ಲಬೇಕಿದ್ದ ಮೊತ್ತದ ಮೇಲೆ ಶೇ 7» ಎಂದು ಬರೆಯಿರಿ. «ಕೊಟ್ಟ ಮೊತ್ತ» ಅಲ್ಲ, «ಸಲ್ಲಬೇಕಿದ್ದ ಮೊತ್ತ». ಕಡಿಮೆ ಕಟ್ಟಿದ ತಿಂಗಳೇ ಲೆಕ್ಕಕ್ಕೆ ಬುಡ ಆಗಬಾರದು.

15,000 ಎಲ್ಲಿಂದ ಬಂತು ಎಂಬುದು ಬೇರೆ ಮಾತು. ಸಂಬಳದ ಇಂತಿಷ್ಟು ಶೇಕಡಾ ಮಗುವಿಗೆ ಎಂಬ ಸೂತ್ರ ನಮ್ಮ ಕಾನೂನಿನಲ್ಲಿ ಇಲ್ಲ. ಮಗುವಿನ ಖರ್ಚಿನಿಂದ ಶುರು ಮಾಡಿ: ಊಟ, ಬಟ್ಟೆ, ಶಾಲಾ ವಾಹನ, ಔಷಧ, ನೋಡಿಕೊಳ್ಳುವವರ ಸಂಬಳ, ಜೊತೆಗೆ ಮನೆ ಬಾಡಿಗೆಯಲ್ಲಿ ಮಗುವಿನ ಪಾಲು. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಒಟ್ಟು 24,000 ಬಂತು ಎನ್ನಿ. ತಂದೆಯ ಕೈಗೆ ಬರುವ ಸಂಬಳ 70,000, ತಾಯಿಯದ್ದು 35,000 ಆದರೆ ಪಾಲು 2:1, ಅಂದರೆ 16,000 ಮತ್ತು 8,000. ಇಬ್ಬರ ಲೆಕ್ಕಕ್ಕೂ ಕೈಗೆ ಬರುವ ಸಂಬಳವನ್ನೇ ಹಿಡಿಯಿರಿ. ಸಿಟಿಸಿಯಲ್ಲಿ (ಕಂಪನಿ ತೋರಿಸುವ ವರ್ಷದ ಒಟ್ಟು ವೆಚ್ಚದಲ್ಲಿ) ಕಂಪನಿಯ ಪಿಎಫ್ ಪಾಲು, ಗ್ರಾಚ್ಯುಟಿ ಎಲ್ಲ ಸೇರಿ ಉಬ್ಬಿರುತ್ತದೆ. ಬೋನಸ್, ಕಂಪನಿ ಷೇರು ಬರುವವರಾದರೆ ಅದರ ಶೇಕಡಾ ಪಾಲು ಬೇರೆ ಸಾಲಿನಲ್ಲಿ. ಸುಪ್ರೀಂ ಕೋರ್ಟಿನ 2020ರ ನವೆಂಬರಿನ ರಜನೀಶ್–ನೇಹಾ ತೀರ್ಪಿನ ನಂತರ ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲದ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು. ಖಾಸಗಿಯಾಗಿ ಮಾತಾಡುವಾಗಲೂ ಅದೇ ನಮೂನೆ ತುಂಬಿ ಬದಲಾಯಿಸಿಕೊಂಡರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ.

ಮೂರನೆಯದು, «ಶಾಲೆಯ ಖರ್ಚು ಸಮವಾಗಿ». ಶುಲ್ಕ ಮಾತ್ರವೇ, ಪುಸ್ತಕ, ಸಮವಸ್ತ್ರ, ಪ್ರವಾಸ, ಟ್ಯೂಷನ್ ಎಲ್ಲವೂ ಸೇರಿಯೇ? ಮೂರು ಗುಂಪು ಮಾಡಿ. ಶುಲ್ಕವನ್ನು ತಂದೆ ನೇರ ಶಾಲೆಯ ಖಾತೆಗೆ ಕಟ್ಟಲಿ. ಪುಸ್ತಕ, ಸಮವಸ್ತ್ರ ಮಾಸಿಕ ಮೊತ್ತದೊಳಗೇ ಇರಲಿ. ಟ್ಯೂಷನ್, ಹಲ್ಲಿನ ಕ್ಲಿಪ್, ಕನ್ನಡಕ, ಆಸ್ಪತ್ರೆಯಂಥ ಹೆಚ್ಚುವರಿಗೆ ಒಂದು ಮಿತಿ ಹಾಕಿ: 5,000 ರೂ. ಒಳಗಿನದ್ದಕ್ಕೆ ಕೇಳುವುದು ಬೇಡ, ಮೀರಿದ್ದಕ್ಕೆ ಲಿಖಿತ ಒಪ್ಪಿಗೆ, 7 ದಿನ ಉತ್ತರ ಬಾರದಿದ್ದರೆ ಒಪ್ಪಿದಂತೆ, ತುರ್ತು ಚಿಕಿತ್ಸೆಗೆ ಒಪ್ಪಿಗೆಯೇ ಬೇಡ. ರಸೀದಿ ಕಳಿಸಿದ 15 ದಿನದಲ್ಲಿ ಹಣ.

ನಗದು ಬೇಡವೇ ಬೇಡ. ಬ್ಯಾಂಕಿನಲ್ಲಿ ಸ್ಥಾಯಿ ಸೂಚನೆ ಕೊಟ್ಟು ತಿಂಗಳ 5ರೊಳಗೆ ಹೋಗುವಂತೆ ಮಾಡಿ, ವಿವರಣೆಯಲ್ಲಿ «ಮಗುವಿನ ಜೀವನಾಂಶ, ಜೂನ್» ಎಂದಿರಲಿ. ಹುಟ್ಟುಹಬ್ಬಕ್ಕೆ ಕೊಡಿಸಿದ ಸೈಕಲ್ಲು ಕಂತಿಗೆ ವಜಾ ಆಗುವುದಿಲ್ಲ.

---

ಪ್ರಶ್ನೆಚಿಹ್ನೆ

ತಿಂಗಳ ತಾಪತ್ರಯವೇ ಬೇಡ, ಮಗುವಿನ ಹೆಸರಿನಲ್ಲಿ ಒಂದೇ ಸಲ ಠೇವಣಿ ಇಟ್ಟರೆ?

---

ಜಮಾಖರ್ಚು

ಇಡಬಹುದು, ಆದರೆ ಮೂರು ಅಪಾಯ. ಅಪ್ರಾಪ್ತರ ಠೇವಣಿಯನ್ನು ಖಾತೆಯ ಪಾಲಕರು ಅವಧಿಗೆ ಮೊದಲೇ ಮುರಿಸಬಹುದು. ನ್ಯಾಯಾಲಯದ ಅನುಮತಿ ಇಲ್ಲದೆ ಮುರಿಸುವಂತಿಲ್ಲ ಎಂದು ಆದೇಶದಲ್ಲಿ ಬರೆಸಿ, ಅದರ ಪ್ರತಿ ಬ್ಯಾಂಕಿಗೆ ಕೊಡಿ. ಎರಡು, ಮಗುವಿನ ಬಡ್ಡಿ ಆದಾಯ ಪೋಷಕರ ಆದಾಯಕ್ಕೆ ಸೇರುತ್ತದೆ. ಮದುವೆ ಊರ್ಜಿತವಿಲ್ಲದಿದ್ದರೆ ಅದು ಮಗುವನ್ನು ಸಾಕುತ್ತಿರುವವರ ತಲೆಗೆ. ಅಂದರೆ ಠೇವಣಿ ಇಟ್ಟವರು ತಂದೆ, ತೆರಿಗೆ ಕಟ್ಟುವವರು ತಾಯಿ! ಯಾರು ಭರಿಸಬೇಕೆಂದು ಬರೆದುಕೊಳ್ಳಿ. ಮೂರು, ಕೋರ್ಟುಕಟ್ಟೆಯವರು ಹೇಳಿದ್ದೇ: ಹಣ ಸಾಲದಿದ್ದರೆ ಮಗು ಮತ್ತೆ ಕೇಳಬಹುದು.

ಹೆಣ್ಣುಮಗುವಿಗೆ 10 ತುಂಬುವ ಮೊದಲಾದರೆ ಸುಕನ್ಯಾ ಸಮೃದ್ಧಿ ಎಂಬ ಸರ್ಕಾರಿ ಉಳಿತಾಯ ಯೋಜನೆ ಇದೆ, ಒಂದು ಮಗುವಿಗೆ ಒಂದೇ ಖಾತೆ, ವರ್ಷಕ್ಕೆ ಗರಿಷ್ಠ 1.5 ಲಕ್ಷ. ಇದು ಉಳಿತಾಯ, ತಿಂಗಳ ಖರ್ಚಿಗೆ ಪರ್ಯಾಯ ಅಲ್ಲ.

ಕೊಡುವವರು ತೀರಿಕೊಂಡರೆ ಏನು ಎಂಬುದನ್ನು ಯಾರೂ ಬರೆಯುವುದಿಲ್ಲ. ಉಳಿದ ಕಂತುಗಳ ಒಟ್ಟಿಗೆ ಸಮನಾದ ಟರ್ಮ್ ವಿಮೆ ತೆಗೆಸಿ. ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ 1874ರಡಿ ಮಗುವನ್ನೇ ಫಲಾನುಭವಿ ಮಾಡಿದ ಪಾಲಿಸಿಯಾದರೆ, ಮುಂದೆ ಮರುಮದುವೆಯಾದರೂ ಫಲಾನುಭವಿಯ ಹೆಸರು ಬದಲಿಸಲಾಗದು, ಸಾಲಗಾರರೂ ಮುಟ್ಟುವಂತಿಲ್ಲ. ಬರೀ ನಾಮಿನಿ ಹೆಸರನ್ನು ಯಾವಾಗ ಬೇಕಾದರೂ ಬದಲಿಸಬಹುದು.

---

ಹಳೇಫೈಲು

ಮಗುವಿಗೆ 18 ತುಂಬುವ ವಿಷಯ ಯಾರೂ ಎತ್ತಲಿಲ್ಲ. ಸುರಕ್ಷಾ ಸಂಹಿತೆಯ 144ರಡಿ ಜೀವನಾಂಶ ಸಾಮಾನ್ಯವಾಗಿ 18ಕ್ಕೆ ನಿಲ್ಲುತ್ತದೆ, ತನ್ನನ್ನು ತಾನು ನೋಡಿಕೊಳ್ಳಲಾಗದ ಅಂಗವೈಕಲ್ಯವಿದ್ದರೆ ಮುಂದುವರಿಯುತ್ತದೆ. ಅವಿವಾಹಿತ ಮಗಳಿಗೆ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮಿನಲ್ಲಿ ಬೇರೆ ರಕ್ಷಣೆ ಇದೆ. ಮಗನಿಗೆ? ಪಿಯುಸಿ ಮುಗಿಯುವ ಹೊತ್ತಿಗೆ 18, ಖರ್ಚು ಏರುವುದೇ ಆಮೇಲೆ. ಎಂಜಿನಿಯರಿಂಗ್ ನಾಲ್ಕು ವರ್ಷ. «ಮೊದಲ ಪದವಿ ಮುಗಿಯುವವರೆಗೆ ಅಥವಾ 23 ವರ್ಷ, ಯಾವುದು ಮೊದಲೋ ಅದು» ಎಂದು ಕರಾರಿನಲ್ಲೇ ಹಾಕಿಸಿಕೊಂಡರೆ ಅದು ಡಿಕ್ರಿಯ ಬಲದಿಂದ ನಿಲ್ಲುತ್ತದೆ. ಆಮೇಲೆ ಕೇಳಿದರೆ ಕಾನೂನಿನ ಬಲ ಕಡಿಮೆ.

---

ಪ್ರಶ್ನೆಚಿಹ್ನೆ

ಭೇಟಿಗೆ ಬಿಡದಿದ್ದರೆ ದುಡ್ಡು ನಿಲ್ಲಿಸಬಹುದು ಎಂಬ ಷರತ್ತು ಹಾಕಿದರೆ ಇಬ್ಬರೂ ನೆಟ್ಟಗಿರುತ್ತಾರಲ್ಲವೇ? ಎಷ್ಟೋ ಜನ ಹೀಗೇ ಸಲಹೆ ಕೊಡುತ್ತಾರೆ.

---

ಮಧ್ಯಸ್ಥಿಕೆಮೇಜು

ಕೊಡುತ್ತಾರೆ, ಕೆಟ್ಟ ಸಲಹೆ. ತಾಯಿ ತಪ್ಪಿದ್ದಕ್ಕೆ ಮಗುವಿನ ಶುಲ್ಕ ನಿಂತಂತಾಯಿತು. ತಿರುಗಿಸಿ ನೋಡಿ, ತಂದೆ ಕಂತು ತಪ್ಪಿಸಿದ್ದಕ್ಕೆ ಮಗು ತಂದೆಯನ್ನು ಕಳೆದುಕೊಂಡಂತೆ. ಎರಡೂ ಪ್ರತ್ಯೇಕ ಎಂದು ಸ್ಪಷ್ಟವಾಗಿ ಬರೆಯಿರಿ.

---

ಕೋರ್ಟುಕಟ್ಟೆ

ಒಪ್ಪುತ್ತೇನೆ. ಪರಿಹಾರಗಳೂ ಬೇರೆ ಬೇರೆಯೇ. ಭೇಟಿಗೆ ಅಡ್ಡಿಯಾದರೆ ಡಿಕ್ರಿ ಕೊಟ್ಟ ಕೌಟುಂಬಿಕ ನ್ಯಾಯಾಲಯದಲ್ಲಿ ಜಾರಿ ಅರ್ಜಿ. ಸಿಪಿಸಿ ಆದೇಶ 21, ನಿಯಮ 32ರಡಿ ಆಸ್ತಿ ಜಪ್ತಿ, ಸಿವಿಲ್ ಬಂಧನದವರೆಗೂ ಹೋಗಬಹುದು. ಅದಕ್ಕೆ ದಾಖಲೆ ಬೇಕು: ಯಾವ ದಿನ, ಎಷ್ಟು ಗಂಟೆಗೆ ಎಲ್ಲಿ ನಿಂತಿದ್ದಿರಿ, ಯಾವ ಸಂದೇಶ ಕಳಿಸಿದಿರಿ. ಒಂದು ತಪ್ಪಿಗೇ ಓಡಬೇಡಿ, ಸತತ ಮೂರು ನಾಲ್ಕು ತಪ್ಪಿದರೆ ಹೋಗಿ.

ಹಣ ತಪ್ಪಿದರೆ ಸಿವಿಲ್ ಡಿಕ್ರಿಯ ಜಾರಿಗೆ 12 ವರ್ಷದ ಕಾಲಮಿತಿ ಇದೆ. 144ರ ಆದೇಶವಾದರೆ ವಾರಂಟ್ ಹೊರಡುತ್ತದೆ, ಕಟ್ಟದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆ. ಆದರೆ ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಎರಡು ವರ್ಷ ಸುಮ್ಮನಿದ್ದು ಹೋದರೆ ವಾರಂಟಿನ ದಾರಿಯಲ್ಲಿ ಮೊದಲ ವರ್ಷದ್ದು ಸಿಗದು. ಈಗಾಗಲೇ 144ರ ಅರ್ಜಿ ಬಾಕಿ ಇದ್ದರೆ ರಾಜಿಯಲ್ಲಿ ಅದನ್ನು ಸುಮ್ಮನೆ ಹಿಂಪಡೆಯಬೇಡಿ, ಮಗುವಿನ ಮೊತ್ತವನ್ನು ಅದರಲ್ಲೇ ಆದೇಶವಾಗಿ ಬರೆಸಿಕೊಳ್ಳಿ.

ಇನ್ನೊಂದು: ಒಪ್ಪಿಗೆಯಿಂದ ಆದ ಡಿಕ್ರಿಗೆ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ 1984ರ 19ನೇ ಕಲಂ ಪ್ರಕಾರ ಮೇಲ್ಮನವಿ ಇಲ್ಲ. ಮಗುವಿನ ಭಾಗ ಮಾತ್ರ ಹಿಂದೂ ವಿವಾಹ ಕಾಯ್ದೆಯ ಕಲಂ 26ರಡಿ ಬದಲಾಗಬಹುದು. ಹಾಗಾಗಿ ಸಹಿಗೆ ಮೊದಲು ಪ್ರತಿ ಸಾಲೂ ಓದಿ.

---

ಕರಡುಪ್ರತಿ

ತಾಯಿ ಬೇರೆ ಊರಿಗೆ ವರ್ಗವಾದರೆ ಈ ವೇಳಾಪಟ್ಟಿಯೆಲ್ಲ ಏನಾಗಬೇಕು? ವಿದೇಶವಾದರೆ?

---

ಹಳೇಫೈಲು

ಊರು ಬದಲಿಗೆ 60 ದಿನ ಮೊದಲು ಲಿಖಿತ ಸೂಚನೆ, ಹೊಸ ವಿಳಾಸ, ಹೊಸ ಶಾಲೆಯ ಹೆಸರು. ದೂರ ಇಂತಿಷ್ಟು ಕಿ.ಮೀ. ಮೀರಿದರೆ ವಾರಾಂತ್ಯದ ಗಂಟೆಗಳು ರಜೆಯ ದಿನಗಳಾಗಿ ಬದಲಾಗುತ್ತವೆ ಎಂದು ಪರ್ಯಾಯ ವೇಳಾಪಟ್ಟಿಯನ್ನೂ ಈಗಲೇ ಲಗತ್ತಿಸಿ. ಪ್ರಯಾಣದ ಖರ್ಚು ಊರು ಬಿಟ್ಟವರದ್ದು ಎನ್ನುವುದು ನ್ಯಾಯ ಎಂದು ನನ್ನ ಅಭಿಪ್ರಾಯ, ಆದರೆ ಸರ್ಕಾರಿ ವರ್ಗಾವಣೆಯಾದರೆ ಅರ್ಧರ್ಧ. ಪಾಲಕತ್ವದ ಅರ್ಜಿ ಮಗು ಸಾಮಾನ್ಯವಾಗಿ ವಾಸಿಸುವ ಜಾಗದ ನ್ಯಾಯಾಲಯಕ್ಕೆ ಹೋಗುತ್ತದೆ ಎಂಬುದೂ ನೆನಪಿರಲಿ. ಮಗು ಊರು ಬದಲಿಸಿದರೆ ಕೋರ್ಟೂ ಬದಲಾಗಬಹುದು.

ವಿದೇಶದ ವಿಷಯದಲ್ಲಿ ಬಿಗಿಯಾಗಿರಿ. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಡಂಬಡಿಕೆಯಲ್ಲಿ ಭಾರತ ಇಲ್ಲ, ಹೋದ ಮಗುವನ್ನು ಆ ದಾರಿಯಿಂದ ಕರೆಸಿಕೊಳ್ಳಲಾಗದು. ಇನ್ನೊಬ್ಬರ ಲಿಖಿತ ಒಪ್ಪಿಗೆ ಅಥವಾ ನ್ಯಾಯಾಲಯದ ಅನುಮತಿ, ಹೋಗಿಬರುವ ಟಿಕೆಟ್ ಪ್ರತಿ, ಅಲ್ಲಿನ ವಿಳಾಸ, ಮರಳುವ ತಾರೀಕು, ಇಷ್ಟು ಕಡ್ಡಾಯ. ಪಾಸ್‌ಪೋರ್ಟ್ ಯಾರ ಬಳಿ ಎಂಬುದೂ. ಅಪ್ರಾಪ್ತರ ಪಾಸ್‌ಪೋರ್ಟ್ ಸಾಮಾನ್ಯವಾಗಿ 5 ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅದು, ನವೀಕರಣಕ್ಕೆ ಸಾಮಾನ್ಯವಾಗಿ ಇಬ್ಬರ ಘೋಷಣೆ ಕೇಳುತ್ತಾರೆ. «ನವೀಕರಣಕ್ಕೆ 15 ದಿನದೊಳಗೆ ಸಹಿ ಹಾಕತಕ್ಕದ್ದು» ಎಂದು ಸೇರಿಸದಿದ್ದರೆ ಆ ಸಹಿಯೇ ಚೌಕಾಸಿಯ ಸರಕಾಗುತ್ತದೆ.

---

ಕರಡುಪ್ರತಿ

ಉಳಿದ ದಾಖಲೆಗಳು?

---

ಹಳೇಫೈಲು

ಜನನ ಪ್ರಮಾಣಪತ್ರ, ಲಸಿಕೆ ಪುಸ್ತಕ ಮಗು ಇರುವ ಮನೆಯಲ್ಲಿ, ದೃಢೀಕೃತ ಪ್ರತಿ ಇನ್ನೊಬ್ಬರಿಗೆ. ಶಾಲೆಯ ಆ್ಯಪ್, ಅಂಕಪಟ್ಟಿ, ಪೋಷಕರ ಸಭೆಯ ಸೂಚನೆ ಇಬ್ಬರಿಗೂ ಬರುವಂತೆ ಡಿಕ್ರಿಯ ಪ್ರತಿ ಕೊಟ್ಟು ಎರಡು ನಂಬರು ಬರೆಸಿ. ಆಧಾರಿಗೆ ಮಾತ್ರ ಒಂದೇ ಮೊಬೈಲ್ ಜೋಡಣೆ, ಅದು ಮಗು ಜೊತೆಗಿರುವವರದ್ದಾಗಿರಲಿ. ಎಷ್ಟೋ ಸಲ ಹಳೆಯ ಜೋಡಣೆ ಇನ್ನೊಬ್ಬರ ನಂಬರಿನಲ್ಲೇ ಉಳಿದು ಓಟಿಪಿಗಾಗಿ ಕಾಯಬೇಕಾಗುತ್ತದೆ. 5 ಮತ್ತು 15 ತುಂಬಿದಾಗ ಬಯೋಮೆಟ್ರಿಕ್ ನವೀಕರಣ ಇದ್ದೇ ಇರುತ್ತದೆ, ಈ ಮಾದರಿಯ ಮಗುವಿಗೆ 6 ಆಗಿರುವುದರಿಂದ ಮೊದಲನೆಯದು ಆಗಿದೆಯೋ ಇಲ್ಲವೋ ನೋಡಿ, ಆಗಿಲ್ಲದಿದ್ದರೆ ಅದಕ್ಕೆ ಹೋದಾಗಲೇ ಮೊಬೈಲ್ ನಂಬರನ್ನೂ ಬದಲಿಸಿಕೊಂಡು ಬನ್ನಿ.